ಉಕ್ಕಿನೊಳಗಣ ಇಂಗಾಲದ ನಳಿಗೆ: ಒಂದು ಪ್ರಮಾಣವಿಚಾರ

ಬಳ್ಳಾರಿಯ ಸೀಮೆಗೆ ಲೋಹವಿದ್ಯೆಯು ಪರಕೀಯವಾದುದಲ್ಲ. ನಗರದ ಪಶ್ಚಿಮಕ್ಕಿರುವ ಸಂಡೂರಿನ ಗಿರಿಶ್ರೇಣಿಯು ಕಬ್ಬಿಣದ ಅದಿರಿನಿಂದಲೇ ಕೆಂಪೇರಿ ನಿಂತಿದೆ. ರಾಬರ್ಟ್ ಬ್ರೂಸ್ ಫೂಟನು ೧೮೯೫ರಲ್ಲಿ ಪ್ರಕಟಿಸಿದ ಬಳ್ಳಾರಿ ಜಿಲ್ಲೆಯ ಭೂಶಾಸ್ತ್ರಗ್ರಂಥದಲ್ಲಿ ಈ ಸಂಪತ್ತಿನ ನಿರೂಪಣೆಯುಂಟು. ಸಿರುಗುಪ್ಪದ ಬಳಿಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರು ೧೯೬೩-೬೪ರಲ್ಲಿ ನಡೆಸಿದ ಉತ್ಖನನದಿಂದ, ಅಲ್ಲಿಯ ಶಿಲಾಯುಗದ ಜನರು ತಾಮ್ರವನ್ನೂ ಚಿನ್ನವನ್ನೂ ಬಲ್ಲವರಾಗಿದ್ದರೆಂದು ತಿಳಿದುಬಂದಿತು. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದವಂಶದ ಅರಸರ ನೆಲೆಯಾಗಿದ್ದಿತು. ಕಲ್ಲಿನಿಂದ ತಾಮ್ರಕ್ಕೂ, ಮುಂದೆ ಖಡ್ಗಕ್ಕೂ ನಡೆದ ಮಾನವನ ದಾರಿಯು ಈ ಮೂರು ಊರುಗಳ ನಡುವೆಯೇ ಹಾದುಹೋಗಿದೆ. ಆದುದರಿಂದ, ಪ್ರಾಚೀನ ಖಡ್ಗವೊಂದರ ಉಕ್ಕಿನೊಳಗೆ ಇಂಗಾಲದ ಪರಮಾಣುಗಳಿಂದ ಹೆಣೆದ ನಳಿಗೆಗಳು ಕಂಡುವೆಂಬ ವಾರ್ತೆಯು ೨೦೦೬ರಲ್ಲಿ ಬಂದಾಗ ಅದು ಈ ಸೀಮೆಯವರಿಗೆ ಮನೆಯ ಸುದ್ದಿಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. "ನಮ್ಮ ಕಮ್ಮಾರರು ಪರಮಾಣುಶಿಲ್ಪವನ್ನು ಬಲ್ಲವರಾಗಿದ್ದರು" ಎಂದು ಹೇಳುವವರೂ ಉಂಟು. ಈ ಮಾತಿನಲ್ಲಿ ದೃಷ್ಟವಾದುದೆಷ್ಟು, ಅನುಮಿತವಾದುದೆಷ್ಟು, ಕೇವಲ ಅಭಿಮಾನವೆಷ್ಟು ಎಂಬುದು ವಿಚಾರಣೀಯ.

ಮೊದಲು ಶಬ್ದವನ್ನು ಪರಿಶೀಲಿಸಬಹುದು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ಒಂದು ಬಗೆಯ ಉಕ್ಕನ್ನು ಕುರಿತು ಪ್ರಬಂಧವನ್ನೋದಿದನು. ಅದರಲ್ಲಿ ಬಂದ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಶಬ್ದದ ಅಪಭ್ರಂಶವೆಂದು ಕೋಶಕಾರರು ಊಹಿಸಿದ್ದಾರೆ. ಮೆದುಕಬ್ಬಿಣದ ತುಂಡುಗಳನ್ನು ತಂಗಡಿಯ ಕಟ್ಟಿಗೆ, ಹಸಿರೆಲೆ ಮುಂತಾದುವುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಮೆತ್ತಿ, ತಿದಿಯೂದಿ ಕಾಯಿಸುವುದು ಇದರ ವಿಧಾನ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನನು ಇಂತಹ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕಟ್ಟಿಗೆಯ ಇಂಗಾಲವು ಲೋಹದಲ್ಲಿ ಬೆರೆತು ಕಬ್ಬಿಣವು ಉಕ್ಕಾಗುತ್ತದೆ. ಇದರ ಗುಟ್ಟನ್ನರಿಯಲು ಮೈಕೇಲ್ ಫ್ಯಾರಡೆಯಂತಹ ಮಹಾವಿದ್ವಾಂಸನೂ ೧೮೧೯ರಿಂದ ಕೆಲವು ವರ್ಷಗಳ ಕಾಲ ಶ್ರಮಿಸಿದನು.

ಇನ್ನು ೨೦೦೬ರ ವಾರ್ತೆ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಪೀಟರ್ ಪೌಫ್ಲರ್ ಮತ್ತು ಅವರ ಸಹೋದ್ಯೋಗಿಗಳು, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿದ ಹದಿನೇಳನೆಯ ಶತಮಾನದ ದಮಾಸ್ಕಸ್ ಖಡ್ಗವೊಂದರ ಚೂರನ್ನು ಆಮ್ಲದಲ್ಲಿ ಕರಗಿಸಿ, ಉಳಿದುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಇಂಗಾಲದ ನಳಿಗೆಗಳೂ, ಕೆಲವದರೊಳಗೆ ಸಿಮೆಂಟೈಟ್ ಎಂಬ ಕಬ್ಬಿಣ-ಇಂಗಾಲ ಸಂಯುಕ್ತದ ಎಳೆಗಳೂ ಕಂಡುವೆಂದು ಅವರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಉಪಕರಣದ ಸಾಮರ್ಥ್ಯವನ್ನರಿಯದೆ ಆ ಸಾಕ್ಷ್ಯದ ಬೆಲೆಯನ್ನು ಕಟ್ಟಲಾಗದು. ಬೆಳಕಿನ ತರಂಗವು ಸುಮಾರು ೪೦೦ರಿಂದ ೭೦೦ ನ್ಯಾನೋಮೀಟರ್ ಉದ್ದವಾದುದು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರ್. ಇಂಗಾಲದ ಹಾಳೆಯಲ್ಲಿ ನೆರೆಯ ಪರಮಾಣುಗಳ ಅಂತರವಾದರೋ ೦.೧೪ ನ್ಯಾನೋಮೀಟರ್ ಮಾತ್ರ. ಆದಕಾರಣ ಬೆಳಕಿನಿಂದ ಅವುಗಳನ್ನು ಬೇರ್ಪಡಿಸಿ ನೋಡುವುದು ಅಸಾಧ್ಯ. ೧೯೩೧ರಲ್ಲಿ ಬರ್ಲಿನ್ನಿನ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಎಂಬವರು ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳನ್ನೂ, ಗಾಜಿನ ಮಸೂರಕ್ಕೆ ಬದಲಾಗಿ ಕಾಂತಕ್ಷೇತ್ರವನ್ನೂ ಬಳಸುವ ದಾರಿಯನ್ನು ತೆರೆದರು. ೧೯೭೦ರಲ್ಲಿ ಶಿಕಾಗೋ ನಗರದ ಆಲ್ಬರ್ಟ್ ಕ್ರೂ ಮತ್ತು ಸಂಗಡಿಗರು ತೆಳುವಾದ ಇಂಗಾಲದ ಪೊರೆಯ ಮೇಲೆ ಅಣುಗಳನ್ನು ಹರಡಿ, ಅವುಗಳಲ್ಲಿದ್ದ ಥೋರಿಯಂ, ಯುರೇನಿಯಂ ಪರಮಾಣುಗಳನ್ನು ಒಂದೊಂದಾಗಿ ಗುರುತಿಸಿದರು. ೧೯೯೧ರಲ್ಲಿ ಜಪಾನಿನ ಸುಮಿಯೋ ಇಜೀಮಾ ಇಂಗಾಲದ ನ್ಯಾನೋನಳಿಗೆಗಳ ಸ್ವರೂಪವನ್ನು ಪ್ರಕಾಶಪಡಿಸಿದರು. ೧೯೯೮ರಲ್ಲಿ ಜರ್ಮನಿಯಲ್ಲಿ ಕಾಂತಮಸೂರದ ದೋಷವನ್ನು ತಿದ್ದುವ ಸಾಧನವು ಸಿದ್ಧಿಸಿತು.

ಅನಂತರ ಇಂಗಾಲವು ನೋಡಲ್ಪಡುವ ವಸ್ತುವಾಗಿದ್ದುದಲ್ಲದೆ, ಬೇರೊಂದನ್ನು ನೋಡುವುದಕ್ಕೆ ಪೀಠವೂ ಆಯಿತು. ಅತಿ ತೆಳುವಾದುದರಿಂದ ಅದು ತನ್ನ ಮೇಲಿನ ವಸ್ತುವನ್ನು ಮರೆಸುವುದಿಲ್ಲ. ೨೦೦೭ರಲ್ಲಿ ಜಪಾನಿನ ಐಇಚಿ ನಕಾಮುರಾ ಮೊದಲಾದವರು ನಳಿಗೆಯೊಳಗೆ ಚಲಿಸುವ ಒಂಟಿ ಅಣುವನ್ನು ಚಿತ್ರಿಸಿದರು; ೨೦೦೮ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಒಂದೇ ಪರಮಾಣುವಿನಷ್ಟು ದಪ್ಪವಾದ ಗ್ರಾಫೀನ್ ಹಾಳೆಯ ಮೇಲೆ ಜಲಜನಕದಂತಹ ಲಘುಪರಮಾಣುವೂ ಕಾಣಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನಕಾಮುರಾ ಅವರ ತಂಡದವರು ತಾವು ಕಾಣಬಯಸಿದ ಅಣುವನ್ನು ತಾವೇ ರಚಿಸಿ, ಅದರ ಸರಪಣಿಗೆ ಬೋರಾನಿನ ಗೂಡೊಂದನ್ನು ಗುರುತಾಗಿ ಕಟ್ಟಿದ್ದರು. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಸಾಧ್ಯಕ್ಕೆ ತಕ್ಕ ಲಿಂಗವನ್ನು ಮೊದಲೇ ಇರಿಸಿಕೊಂಡಿದ್ದರು.

ಖಡ್ಗದ ವಿಷಯದಲ್ಲಿ ಇಂತಹ ಗುರುತಿಲ್ಲ. ಈ ಕಾರಣದಿಂದಲೇ ದಮಾಸ್ಕಸ್ ಉಕ್ಕಿನಲ್ಲಿ ಬಹುಕಾಲ ಪರಿಶ್ರಮಿಸಿದ ಅಮೆರಿಕದ ಜಾನ್ ವರ್ಹೋವನ್ ಸಂದೇಹವನ್ನೆತ್ತಿದರು: ಸಿಮೆಂಟೈಟು ತಾನೇ ಕಡ್ಡಿಯ ಆಕಾರವನ್ನು ತಳೆಯಬಲ್ಲುದು, ಕಂಡುದು ನಳಿಗೆಯೇ ಎಂಬುದಕ್ಕೆ ನಿಶ್ಚಯವೇನು? ಮಂದಾಂಧಕಾರದಲ್ಲಿ ಹಗ್ಗವು ಹಾವಾಗಿ ತೋರುವುದುಂಟು. ಉಪಕರಣವು ಸೂಕ್ಷ್ಮವಾದಷ್ಟೂ ದೋಷಪರಿಹಾರವೂ ಸೂಕ್ಷ್ಮವಾಗಬೇಕು. ಆದರೆ ಈ ಸಂದೇಹದಿಂದ ನಳಿಗೆಯ ಸಂಭವವೇ ಅಳಿಯದು. ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾಯರೂ ಅವರ ಸಹೋದ್ಯೋಗಿಗಳೂ ೧೯೯೭-೯೮ರಲ್ಲಿ, ಕಬ್ಬಿಣವನ್ನೊಳಗೊಂಡ ಫೆರೋಸೀನ್ ಎಂಬ ದ್ರವ್ಯದ ಆವಿಯನ್ನು ಕಾಯಿಸಿ ಒಡೆದು ಇಂಗಾಲದ ನಳಿಗೆಗಳನ್ನು ಬೆಳೆಸಿದರು. ಕಬ್ಬಿಣದ ಕಣವಿದ್ದೆಡೆ, ಕಾವೂ ಇಂಗಾಲವೂ ಒದಗಿದರೆ, ನಳಿಗೆ ಬೆಳೆಯಬಹುದೆಂಬುದಕ್ಕೆ ಇದು ದೃಷ್ಟಾಂತ. ದೃಷ್ಟಾಂತವು ಸಂಭಾವನೆಯನ್ನು ಕೊಡುತ್ತದೆಯೇ ಹೊರತು ನಿರ್ಣಯವನ್ನಲ್ಲ.

ನಳಿಗೆಗಳಿದ್ದುವೆಂದೇ ಒಪ್ಪಿದರೂ ಕಮ್ಮಾರನು ಅವುಗಳನ್ನು ಬಲ್ಲನೆಂದು ಸಿದ್ಧಿಸುವುದೆ? ಉಪಾದಾನದ ಅಪರೋಕ್ಷಜ್ಞಾನವಿಲ್ಲದವನು ಕರ್ತೃವಾಗಲಾರನೆಂದು ನೈಯಾಯಿಕರು ಹೇಳುತ್ತಾರಾದುದರಿಂದ, ಬಲ್ಲನೆಂದೇ ಪೂರ್ವಪಕ್ಷಿಯು ವಾದಿಸಬಹುದು. ಈ ವಾದವು ನಿಲ್ಲದು. ಕುಂಬಾರನಿಗೆ ಪ್ರತ್ಯಕ್ಷವಾಗಬೇಕಾದುದು ಗಡಿಗೆಯ ಕಪಾಲಗಳು, ಮಣ್ಣಿನ ದ್ವ್ಯಣುಕಗಳಲ್ಲ. ಪರಮಾಣುಗಳ ಸಾಕ್ಷಾತ್ಕಾರವನ್ನು ಆ ಶಾಸ್ತ್ರವು ಈಶ್ವರನಿಗೂ ಯೋಗಿಗಳಿಗೂ ಹೇಳಿದೆಯೇ ಹೊರತು ಕುಲುಮೆಯ ಮುಂದೆ ಕುಳಿತವನಿಗಲ್ಲ. ಇದಲ್ಲದೆ ಕಣಾದರ ಪರಮಾಣುವು ನಿರವಯವವಾದುದು. ಇಂದಿನ ರಸಾಯನಶಾಸ್ತ್ರದ ಪರಮಾಣುವಿಗೆ ಅವಯವಗಳುಂಟು. ಹೆಸರೊಂದೇ ಆದ ಮಾತ್ರಕ್ಕೆ ವಸ್ತುವು ಒಂದೇ ಆಗದು.

ಹಾಗೆಂದು ಕಮ್ಮಾರನ ಮಹಿಮೆಗೆ ಕುಂದೇನೂ ಇಲ್ಲ. ಬೆಂಕಿಯ ಬಣ್ಣದಿಂದ ಕಾವನ್ನೂ, ಬಡಿತದ ದನಿಯಿಂದ ಲೋಹದ ಗುಣವನ್ನೂ ಅರಿಯುವ ವಿದ್ಯೆಯು ತಾನಾಗಿಯೇ ಪೂಜ್ಯವಾದುದು. ಅದಕ್ಕೆ ಇಲ್ಲದ ವಿದ್ಯೆಯನ್ನು ಆರೋಪಿಸುವುದೆಂದರೆ ಇದ್ದ ವಿದ್ಯೆಯು ಸಾಲದೆಂದು ಒಪ್ಪಿಕೊಂಡಂತೆಯೇ ಸರಿ.

ಆ ಖಡ್ಗದ ಉಕ್ಕು ಬಳ್ಳಾರಿಯ ಸೀಮೆಯ ಅದಿರಿನಿಂದ ಆದುದೆನ್ನಲೂ ಆಧಾರವಿಲ್ಲ. ಅದನ್ನು ಅರಸಬೇಕಾದುದು ಬರ್ನ್ ನಗರದ ಖಡ್ಗದಲ್ಲಲ್ಲ, ಇಲ್ಲಿಯ ನೆಲದಲ್ಲಿ. ಸಂಡೂರಿನ ಕಣಿವೆಗಳಲ್ಲಿಯೂ, ಕುರುಗೋಡು ಸಿರುಗುಪ್ಪಗಳ ಹಳೆಯ ನಿವೇಶನಗಳಲ್ಲಿಯೂ ಕಬ್ಬಿಣದ ಕಿಟ್ಟ, ಮೂಸೆಯ ಚೂರು, ತುಕ್ಕುಹಿಡಿದ ಆಯುಧ ಏನು ದೊರೆತರೂ ಅದನ್ನು ಸಿಕ್ಕಿದ ಸ್ಥಳದ ವಿವರದೊಡನೆ ಕಾಪಾಡತಕ್ಕದ್ದು. ಪರಮಾಣುವನ್ನು ತೋರಿಸುವ ಉಪಕರಣಗಳು ಇಂದು ಬೆಂಗಳೂರಿನಲ್ಲಿಯೇ ಇವೆ. ಮುಂದಿಡಲು ಚೂರೇ ಇಲ್ಲದಿದ್ದರೆ ಅವು ತಾನೆ ಏನನ್ನು ತೋರಿಸಿಯಾವು?