ಪಾರ್ಶ್ವವಾಯು ಸಂಶೋಧನೆ: ರೋಗ ಒಂದೆಡೆ, ಪ್ರಬಂಧ ಇನ್ನೊಂದೆಡೆ

ಪಾರ್ಶ್ವವಾಯುವಿಗೂ ಮಿದುಳಿನ ರಕ್ತನಾಳಕ್ಕೂ ಇರುವ ನಂಟು ಇತ್ತೀಚೆಗೆ ತಿಳಿದದ್ದಲ್ಲ. ಮಿದುಳಿನೊಳಗೆ ರಕ್ತ ಸೋರುವುದರಿಂದಲೂ ಈ ರೋಗ ಬರುತ್ತದೆಂದು ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ 1658ರಲ್ಲೇ ಶವಪರೀಕ್ಷೆಗಳ ಆಧಾರದಿಂದ ಬರೆದಿದ್ದ. ಆದರೆ ಈ ರೋಗಕ್ಕೆಂದೇ ಮೀಸಲಾದ 'ಸ್ಟ್ರೋಕ್' ಪತ್ರಿಕೆಯನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆರಂಭಿಸಿದ್ದು 1970ರಲ್ಲಿ.

ಮರುವರ್ಷವೇ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಮಿದುಳಿನ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದನ್ನು ರೋಗಿ ಬದುಕಿರುವಾಗಲೇ ಖಚಿತಪಡಿಸಿಕೊಳ್ಳಲು ಈ ಯಂತ್ರ ದಾರಿ ಮಾಡಿತು. ಹೆಪ್ಪು ಕರಗಿಸುವ ಮದ್ದನ್ನು ರಕ್ತ ಸೋರುತ್ತಿರುವ ಮಿದುಳಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹೀಗಾಗಿ ಚಿಕಿತ್ಸೆಯ ಪ್ರಯೋಗಗಳಿಗೆ ಸ್ಕ್ಯಾನ್ ಬೇಕೇ ಬೇಕಿತ್ತು.

1995ರಲ್ಲಿ ಅಮೆರಿಕದ 624 ರೋಗಿಗಳ ಪ್ರಯೋಗವೊಂದು ಪ್ರಕಟವಾಯಿತು. ಮೂರು ಗಂಟೆಯೊಳಗೆ ಹೆಪ್ಪು ಕರಗಿಸುವ ಟಿ.ಪಿ.ಎ. ಚುಚ್ಚುಮದ್ದು ಕೊಟ್ಟರೆ ಅಂಗವೈಕಲ್ಯ ತಗ್ಗುತ್ತದೆಂದು ಅದು ತೋರಿಸಿತು. 2008ರಲ್ಲಿ ಈ ಅವಧಿ ನಾಲ್ಕೂವರೆ ಗಂಟೆಗೆ ಹಿಗ್ಗಿತು. ನೆದರ್ಲೆಂಡ್ಸ್‌ನ 'ಎಂ.ಆರ್. ಕ್ಲೀನ್' ಸೇರಿ 2015ರಲ್ಲಿ ಬೆನ್ನುಬೆನ್ನಿಗೆ ಬಂದ ಐದು ಪ್ರಯೋಗಗಳು, ನಾಳದೊಳಗೆ ತಂತಿ ತೂರಿಸಿ ಹೆಪ್ಪನ್ನು ಹೊರತೆಗೆಯುವ ವಿಧಾನ ಫಲಕಾರಿ ಎಂದು ಸಾಬೀತುಪಡಿಸಿದವು. 2018ರ ಹೊತ್ತಿಗೆ, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಈ ಅವಕಾಶ ಸಿಕ್ಕಿತು.

ಗೆದ್ದವುಗಳ ಹಿಂದೆ ಸೋತವುಗಳ ದೊಡ್ಡ ರಾಶಿಯೇ ಇದೆ. ಪ್ರಯೋಗಾಲಯ ಮತ್ತು ರೋಗಿಗಳಲ್ಲಿ ಪರೀಕ್ಷೆಗೊಳಪಟ್ಟ 1,026 ಚಿಕಿತ್ಸೆಗಳನ್ನು 2006ರ ಸಮೀಕ್ಷೆಯೊಂದು ಪಟ್ಟಿಮಾಡಿತು. ಇಲಿಗಳ ಮಿದುಳನ್ನು ಕಾಪಾಡಿದ ಎಷ್ಟೋ ಮದ್ದುಗಳು ಮನುಷ್ಯರಲ್ಲಿ ಕೈಕೊಟ್ಟಿದ್ದವು.

ಇತ್ತ ಪ್ರಕಟಣೆಯ ಭೂಪಟವೂ ಬದಲಾಯಿತು. ಚೀನಾದ 114 ಕೇಂದ್ರಗಳ 5,170 ರೋಗಿಗಳನ್ನೊಳಗೊಂಡ 'ಚಾನ್ಸ್' ಪ್ರಯೋಗ 2013ರಲ್ಲಿ ಬಂತು. ಸಣ್ಣ ಪಾರ್ಶ್ವವಾಯು ಆದೊಡನೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಕೊಟ್ಟಾಗ, 90 ದಿನದೊಳಗೆ ಮತ್ತೆ ಪಾರ್ಶ್ವವಾಯು ಬರುವ ಪ್ರಮಾಣ ಶೇ. 11.7ರಿಂದ 8.2ಕ್ಕೆ ಇಳಿಯಿತು. ಅಗ್ಗದ ಮಾತ್ರೆಗಳ ಈ ಪಾಠ ಜಗತ್ತಿನ ಚಿಕಿತ್ಸಾ ಸೂತ್ರಗಳನ್ನೇ ತಿದ್ದಿತು.

ಆದರೂ ರೋಗ ಇರುವ ಕಡೆಗೂ ಸಂಶೋಧನೆ ನಡೆಯುವ ಕಡೆಗೂ ಅಂತರ ಉಳಿದೇ ಇದೆ. 2019ರ ಜಾಗತಿಕ ರೋಗಹೊರೆ ಅಧ್ಯಯನದ ಪ್ರಕಾರ, ಆ ವರ್ಷ ಪಾರ್ಶ್ವವಾಯುವಿನಿಂದ ಸತ್ತವರು ಸುಮಾರು 65.5 ಲಕ್ಷ. ಅವರಲ್ಲಿ ಶೇ. 86ರಷ್ಟು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶದವರು. ಚಿಕಿತ್ಸೆಯ ಮೈಲಿಗಲ್ಲುಗಳೋ ಬಹುಪಾಲು ಸಿರಿವಂತ ದೇಶಗಳಲ್ಲಿ ನೆಟ್ಟವು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಇದ್ದ 22 ದೇಶಗಳ 'ಇಂಟರ್‌ಸ್ಟ್ರೋಕ್' ಅಧ್ಯಯನ 2010ರಲ್ಲಿ ರಕ್ತದೊತ್ತಡವೇ ಮೊದಲ ಶತ್ರು ಎಂದು ತೋರಿಸಿದ್ದು ಈ ಕೊರತೆಯನ್ನು ಒಂದಿಷ್ಟು ತುಂಬಿತು.

ಭಾರತದ 14 ಆಸ್ಪತ್ರೆಗಳಲ್ಲಿ ನಡೆದ 'ಅಟೆಂಡ್' ಪ್ರಯೋಗ ಕೇಳಿದ್ದು ನಮ್ಮ ಮನೆಗಳದೇ ಪ್ರಶ್ನೆ: ಫಿಸಿಯೋಥೆರಪಿ ಸಿಗದ ಕಡೆ ಮನೆಯವರಿಗೇ ತರಬೇತಿ ಕೊಟ್ಟರೆ ರೋಗಿ ಚೇತರಿಸಿಕೊಳ್ಳುವನೇ? 2017ರಲ್ಲಿ ಉತ್ತರ ಬಂತು. ಆರು ತಿಂಗಳ ನಂತರ, ಮನೆಯವರು ತರಬೇತಿ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳಲ್ಲಿ ಸತ್ತವರು ಮತ್ತು ಪರಾವಲಂಬಿಗಳಾದವರು ಶೇ. 47. ಪ್ರಯೋಜನ ಕಾಣಲಿಲ್ಲ. ಆದರೂ ಇಂಥ ಫಲಿತಾಂಶಕ್ಕೆ ಬೆಲೆ ಕಟ್ಟಲಾಗದು. ಸರ್ಕಾರಗಳು ಫಲ ಕೊಡದ ಯೋಜನೆಗೆ ಹಣ ಸುರಿಯುವುದನ್ನು ಅದು ತಡೆಯಬಲ್ಲದು.

ಪ್ರಬಂಧಗಳ ಸಂಖ್ಯೆ ಏರುತ್ತದೆ, ಅದರ ಬಗ್ಗೆ ಚಿಂತೆ ಬೇಡ. ಸ್ಕ್ಯಾನ್ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮೊದಲ ಗಂಟೆಯಲ್ಲಿ ಏನು ಮಾಡಬೇಕು, ಬಿ.ಪಿ. ಮಾತ್ರೆಯನ್ನು ನಡುವೆ ಬಿಡದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗಳಿಗೆ ಸಂಶೋಧನಾ ಹಣ ಹರಿಯಬೇಕು. ರೋಗ ಹೆಚ್ಚಿರುವ ನಾಡುಗಳೇ ಆ ಪ್ರಶ್ನೆಗಳನ್ನು ಎತ್ತಬೇಕು.