ಬಚ್ಚಲ ಒಲೆ ಆರಿದ ಮೇಲೆ

ಸ್ನಾನದ ಹಂಡೆಗೂ ಒಂದು ಹಬ್ಬ ಇದೆ ಅಂದರೆ ಬೆಂಗಳೂರಲ್ಲೇ ಬೆಳೆದ ನನ್ನ ಟೀಮಿನ ಹುಡುಗರು ನಗ್ತಾರೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬೋ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬಿ ಪೂಜೆ ಮಾಡ್ತಾರೆ. ಮಾರನೇ ದಿನ ಬೆಳಗಿನ ಜಾವ ಎಣ್ಣೆಸ್ನಾನ.

ಸಕಲೇಶಪುರ, ಆಲೂರು ಕಡೆಯ ಹಳೇ ಮನೆಗಳ ಬಚ್ಚಲಲ್ಲಿ ಒಲೆಗೇ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಕೂರೋಕೆ ಒಂದು ಕಲ್ಲು. ತೋಟದಲ್ಲಿ ಮರಗಸಿ ಮಾಡಿದಾಗ ಬಿದ್ದ ಕೊಂಬೆಗಳೇ ಸೌದೆ. ಮಳೆಗಾಲದಲ್ಲಿ ನೆಂದ ಕಂಬಳಿ ಒಣಗ್ತಿದ್ದದ್ದೂ ಅಲ್ಲೇ. ಹೊಗೆಗೆ ಕಣ್ಣುರಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರೋದು ಎಲ್ಲಾ ಇತ್ತು. ಸ್ವರ್ಗವೇನಲ್ಲ.

ಇದನ್ನು ಯಾರೂ ಹೃದಯದ ಬಗ್ಗೆ ಯೋಚಿಸಿ ಕಟ್ಟಿರಲಿಲ್ಲ. ಆದರೂ ನೋಡಿ: ಚಳಿಯಲ್ಲಿ ಬಟ್ಟೆ ಬಿಚ್ಚಿದರೆ ರಕ್ತನಾಳ ಬಿಗಿದು ಬಿಪಿ ಏರುತ್ತೆ, ಬಿಸಿನೀರು ಬಿದ್ದರೆ ನಾಳ ಸಡಿಲಾಗಿ ಇಳಿಯುತ್ತೆ. ಬಿಪಿ ಮಾತ್ರೆ ತಗೊಳ್ಳೋ ವಯಸ್ಸಾದವರು ಥಟ್ಟನೆ ಎದ್ದು ನಿಂತರೆ ತಲೆ ಸುತ್ತುತ್ತೆ. ಹಳೇ ಬಚ್ಚಲಲ್ಲಿ ಒಲೆಯಿಂದ ಕೋಣೆ ಮೊದಲೇ ಬೆಚ್ಚಗಿರ್ತಿತ್ತು, ಸ್ನಾನ ಕೂತೇ ಆಗ್ತಿತ್ತು. ಅಜ್ಜನಿಗೆ ನೀರು ಹುಯ್ಯೋಕೆ ಒಬ್ಬರು ಇರ್ತಿದ್ರು, ಬಾಗಿಲಿಗೆ ಚಿಲಕ ಹಾಕೋ ಮಾತೇ ಇರಲಿಲ್ಲ.

ವಾಗ್ಭಟನ 'ಅಷ್ಟಾಂಗಹೃದಯ'ದಲ್ಲೂ ಎಚ್ಚರಿಕೆ ಇದೆ. ಬಿಸಿನೀರು ಮೈಗೆ ಬಲ, ತಲೆಗೆ ಒಳ್ಳೇದಲ್ಲ. ಉಂಡ ಕೂಡಲೇ ಸ್ನಾನ ಬೇಡ ಅಂತಾನೆ. ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿ ಕೂರೋ ಜಪಾನಿನಲ್ಲಿ ಚಳಿಗಾಲದಲ್ಲಿ ಎಷ್ಟೋ ವೃದ್ಧರು ಸ್ನಾನದಲ್ಲೇ ಸಾಯ್ತಾರೆ. ಅಲ್ಲಿನ ಸರ್ಕಾರ ಹೇಳೋದು: ಬಚ್ಚಲನ್ನು ಮೊದಲು ಬೆಚ್ಚಗೆ ಮಾಡಿ, ನೀರು 41 ಡಿಗ್ರಿಯೊಳಗಿರಲಿ, 10 ನಿಮಿಷದೊಳಗೆ ಎದ್ದುಬಿಡಿ, ಇಳಿಯೋ ಮುಂಚೆ ಮನೆಯವರಿಗೊಂದು ಮಾತು ಹೇಳಿ. ನಮ್ಮ ಬಚ್ಚಲಲ್ಲಿ ಮೊದಲನೆಯದು, ಕೊನೆಯದು ಎರಡೂ ತಾವಾಗೇ ಆಗ್ತಿದ್ದವು.

1994ರಲ್ಲಿ ಬ್ರೆಜಿಲ್‌ನ ಕಾಫಿ ಗಿಡಗಳು ಕೊರೆಯೋ ಚಳಿಗೆ ಕರಕಲಾದವು, ಇಲ್ಲಿ ಬೆಲೆ ಏರಿತು. ನಮ್ಮ ಕಡೆ ಆರ್‌ಸಿಸಿ ಮನೆಗಳು, ನುಣ್ಣನೆ ಟೈಲ್ಸು, ಗೀಸರ್ ಬಂದದ್ದು ಆ ದುಡ್ಡಿನ ಕಾಲದಲ್ಲೇ. ಗೀಸರ್ ನೀರನ್ನಷ್ಟೇ ಕಾಯಿಸುತ್ತೆ. ಡಿಸೆಂಬರ್ ಚಳಿಯಲ್ಲಿ ಕೋಣೆ ಕೊರೀತಿರುತ್ತೆ, ಒಳಗಿನಿಂದ ಬೋಲ್ಟ್ ಬೇರೆ.

ಗ್ಯಾಸ್ ಗೀಸರ್ ಇನ್ನೂ ಕಷ್ಟ. ಹಂಚಿನ ಸಂದಿಯಲ್ಲಿ ಹೋಗ್ತಿದ್ದ ಹೊಗೆ ಕಣ್ಣಿಗೆ ಕಾಣ್ತಿತ್ತು. ಮುಚ್ಚಿದ ಬಾತ್‌ರೂಮಲ್ಲಿ ತುಂಬಿಕೊಳ್ಳೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಹಾಕಿಸೋದಾದ್ರೆ ಬಾತ್‌ರೂಮಿನ ಹೊರಗೆ, ಗಾಳಿ ಆಡೋ ಕಡೆ ಹಾಕಿಸಿ. ಊರಿಗೆ ಹೋದಾಗ ಅಪ್ಪ-ಅಮ್ಮನ ಬಾತ್‌ರೂಮಿಗೆ ಒಂದು ಸ್ಟೂಲು, ಗೋಡೆಗೊಂದು ಹಿಡಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿ ಬನ್ನಿ.