ಹುಳಿಯೇರುವ ಮುನ್ನ: ಹಣ್ಣಿನ ಪಾನಕದ ಚರಿತ್ರೆ

ಹಣ್ಣನ್ನು ಹಿಂಡಿ ತೆಗೆದ ರಸವು ಉಷ್ಣವಲಯದ ಹವೆಯಲ್ಲಿ ಬಹುಹೊತ್ತು ರಸವಾಗಿಯೇ ಉಳಿಯುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೂ ಗಾಳಿಯಲ್ಲೂ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಹೊರಬಿಡುವುದರಿಂದ, ಬೆಳಗ್ಗೆ ಸಿಹಿಯಾಗಿದ್ದುದು ಮರುದಿನದ ವೇಳೆಗೆ ನೊರೆಗಟ್ಟಿ ಹುಳಿಯೇರಿರುತ್ತದೆ. ಮಕ್ಕಳು, ಮುದುಕರು, ವ್ರತಸ್ಥರು, ದಾರಿಹೋಕರು ಎಲ್ಲರೂ ಕುಡಿಯಬಹುದಾದ ಹಣ್ಣಿನ ಪಾನೀಯವನ್ನು ಸಿದ್ಧಪಡಿಸಬಯಸಿದ ಪ್ರತಿಯೊಂದು ಸಮಾಜವೂ ಈ ಹುದುಗುವಿಕೆಯ ಗಡುವಿನೊಡನೆ ಹೆಣಗಬೇಕಾಯಿತು. ಇಂದು ಹೋಟೆಲುಗಳ ಪಟ್ಟಿಯಲ್ಲಿ ಮಾಕ್‌ಟೇಲ್ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಹಣ್ಣಿನ ಮಿಶ್ರಪಾನೀಯವನ್ನು ಮದ್ಯವನ್ನು ಕಳೆದುಳಿದ ಕಾಕ್‌ಟೇಲ್ ಎಂದು ವಿವರಿಸುವುದು ವಾಡಿಕೆ. ಪಾಶ್ಚಾತ್ಯ ದೇಶಗಳ ಮಟ್ಟಿಗೆ ಅದು ಸರಿಯಾದ ವಿವರಣೆಯೇ. ಆದರೆ ಹಣ್ಣಿನ ತಿರುಳು ಅಥವಾ ಹುಳಿಯನ್ನು ನೀರಿನಲ್ಲಿ ಕಿವುಚಿ, ಬೆಲ್ಲ ಇಲ್ಲವೆ ಸಕ್ಕರೆಯಿಂದ ಸಿಹಿಗೊಳಿಸಿ, ಏಲಕ್ಕಿ, ಶುಂಠಿ, ಮೆಣಸುಗಳಿಂದ ರುಚಿಗೊಳಿಸಿ ಸೋಸಿದ ಭಾರತದ ಪಾನಕಕ್ಕೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಸ್ವತಂತ್ರ ಚರಿತ್ರೆಯಿದ್ದು, ಅದನ್ನು ಯಾವುದರ ನಕಲೆಂದೂ ಎಣಿಸಲಾಗದು.

ಈ ಚರಿತ್ರೆಯ ಹಳೆಯ ಸಾಕ್ಷ್ಯಗಳಲ್ಲಿ ಬೌದ್ಧ ಸಂಘದ ನಿಯಮಗಳ ಸಂಗ್ರಹವಾದ ವಿನಯಪಿಟಕವು ಮುಖ್ಯವಾದುದು. ಅದರ ಮಹಾವಗ್ಗ ಎಂಬ ಭಾಗದಲ್ಲಿ ಕೇಣಿಯನೆಂಬ ಜಟಾಧಾರಿ ತಪಸ್ವಿಯು ಬುದ್ಧನಿಗೂ ಭಿಕ್ಷುಗಳಿಗೂ ಪಾನೀಯಗಳನ್ನು ತಂದೊಪ್ಪಿಸಿದ ಪ್ರಸಂಗವಿದ್ದು, ಆ ಸಂದರ್ಭದಲ್ಲಿ ಬುದ್ಧನು ಎಂಟು ಬಗೆಯ ಪಾನಗಳಿಗೆ ಅನುಮತಿಯಿತ್ತನೆಂದು ಹೇಳಲಾಗಿದೆ: ಮಾವು, ನೇರಳೆ, ಎರಡು ಜಾತಿಯ ಬಾಳೆ, ಇಪ್ಪೆ, ದ್ರಾಕ್ಷಿ, ನೈದಿಲೆಯ ಗೆಡ್ಡೆ ಮತ್ತು ಫಾಲ್ಸಾ ಎಂದು ಉತ್ತರದಲ್ಲಿ ಹೆಸರಾದ ಪರೂಷಕ. ಮಧ್ಯಾಹ್ನದ ನಂತರ ಘನಾಹಾರವನ್ನು ತ್ಯಜಿಸಿದ ಭಿಕ್ಷುಗಳಿಗೆ ಸಂಜೆಯ ಹೊತ್ತು ಇವೇ ಆಧಾರವಾಗಿದ್ದವು. ಅದೇ ನಿಯಮವು ಧಾನ್ಯದ ರಸವನ್ನು ಹೊರತುಪಡಿಸಿ ಎಲ್ಲ ಫಲರಸಗಳನ್ನೂ, ಇಪ್ಪೆಹೂವನ್ನು ಹೊರತುಪಡಿಸಿ ಎಲ್ಲ ಪುಷ್ಪರಸಗಳನ್ನೂ ಒಪ್ಪುತ್ತದೆ. ಧಾನ್ಯವೂ ಇಪ್ಪೆಹೂವೂ ಅಂದಿನ ಮದ್ಯತಯಾರಿಕೆಯ ಪ್ರಧಾನ ಸಾಮಗ್ರಿಗಳಾಗಿದ್ದವೆಂಬುದನ್ನು ನೆನೆದರೆ ಈ ಹೊರಗಿಡುವಿಕೆಯ ಹಿಂದಿನ ಎಚ್ಚರ ಅರ್ಥವಾಗುತ್ತದೆ. ಸಂಪ್ರದಾಯವು ಇಂಥ ರಸಗಳನ್ನು ಯಾಮಕಾಲಿಕ ಎಂಬ ವರ್ಗಕ್ಕೆ ಸೇರಿಸಿತು, ಅಂದರೆ ಪಡೆದ ದಿನದಿಂದ ಮರುದಿನದ ಅರುಣೋದಯದವರೆಗೆ ಮಾತ್ರ ಅವನ್ನು ಇಟ್ಟುಕೊಳ್ಳಬಹುದು. ಯೀಸ್ಟ್ ಎಂಬ ಜೀವಿಯ ಅರಿವೇ ಇಲ್ಲದ ಕಾಲದಲ್ಲಿ, ರಸವು ಮದ್ಯದತ್ತ ಹೊರಳುವ ಗಡುವನ್ನು ಇಷ್ಟು ಹತ್ತಿರದಿಂದ ಗುರುತಿಸಿ ಅದನ್ನು ಆಚಾರದ ನಿಯಮವಾಗಿಸಿದ್ದು ಮೆಚ್ಚತಕ್ಕ ಸಂಗತಿ. ಮುಂದೆ ವ್ಯಾಖ್ಯಾನಕಾರರು ತಾಳೆ, ತೆಂಗು, ಹಲಸು, ಕುಂಬಳ ಮೊದಲಾದ ದೊಡ್ಡ ಫಲಗಳನ್ನು ಆಹಾರವೆಂದೇ ಪರಿಗಣಿಸಿ ಅವುಗಳ ರಸವನ್ನು ಸಂಜೆಯ ಪಾನದಿಂದ ಹೊರಗಿಟ್ಟರು.

ಒಂದೇ ಹಣ್ಣು ಎರಡು ದಾರಿ ಹಿಡಿಯಬಲ್ಲುದೆಂಬುದನ್ನು ಕೌಟಿಲ್ಯನ ಅರ್ಥಶಾಸ್ತ್ರವೂ ತೋರಿಸುತ್ತದೆ. ಸುರಾಧ್ಯಕ್ಷ, ಅಂದರೆ ಮದ್ಯದ ಮೇಲ್ವಿಚಾರಣೆ ನಡೆಸುವ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ಮಾವಿನ ರಸ ಬೆರೆಸಿದ ಸಹಕಾರಸುರೆಯ ಉಲ್ಲೇಖವಿದೆ. ಭಿಕ್ಷುವಿನ ಸಂಜೆಯ ಪಾನವೂ ಪಾನಗೃಹದ ಸುರೆಯೂ ಒಂದೇ ಮಾವಿನಿಂದ ಹುಟ್ಟಿದವು. ವೈದ್ಯಗ್ರಂಥಗಳು ಪಾನಕವನ್ನು ಬೇರೆ ಕಣ್ಣಿನಿಂದ ಕಂಡವು. ಸುಶ್ರುತಸಂಹಿತೆಯ ಸೂತ್ರಸ್ಥಾನವು ಬೆಲ್ಲದ ಪಾನಕ, ದ್ರಾಕ್ಷಿಯ ಪಾನಕ, ಪರೂಷಕ ಮತ್ತು ಬೋರೆಯ ಪಾನಕಗಳ ಗುಣಗಳನ್ನು ಬೇರೆಬೇರೆಯಾಗಿ ವಿವರಿಸಿ, ದ್ರಾಕ್ಷಿಯದು ಆಯಾಸವನ್ನೂ ಉರಿಯನ್ನೂ ಬಾಯಾರಿಕೆಯನ್ನೂ ನೀಗುತ್ತದೆಂದು ಹೇಳುತ್ತದೆ.

ಪಾನಕವು ಜನಜೀವನದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಅಡುಗೆಯ ಗ್ರಂಥಗಳಿಗಿಂತಲೂ ಕಾವ್ಯಮೀಮಾಂಸೆಯ ಗ್ರಂಥಗಳು ಬಲವಾದ ಸಾಕ್ಷಿ ನುಡಿಯುತ್ತವೆ. ಬೆಲ್ಲ ಮುಂತಾದ ದ್ರವ್ಯಗಳೂ ಮಸಾಲೆಗಳೂ ಸೇರಿ ಷಾಡವ ಮೊದಲಾದ ಸಿಹಿಹುಳಿಯ ರಸಗಳು ಸಿದ್ಧವಾಗುವಂತೆ ವಿವಿಧ ಭಾವಗಳು ಸೇರಿ ನಾಟ್ಯರಸವಾಗುತ್ತದೆಂದು ಭರತನ ನಾಟ್ಯಶಾಸ್ತ್ರ ಹೇಳಿತು. ಸಾವಿರದ ವರ್ಷದ ಆಸುಪಾಸಿನಲ್ಲಿ ಕಾಶ್ಮೀರದ ಅಭಿನವಗುಪ್ತನೂ ಅವನ ನಂತರ ಮಮ್ಮಟನೂ ಇದನ್ನು ಪಾನಕರಸದ ನ್ಯಾಯವೆಂದು ಬೆಳೆಸಿದರು. ಪಾನಕವನ್ನು ಸವಿಯುವಾಗ ಮೆಣಸು, ಸಕ್ಕರೆ, ಹುಳಿಗಳು ಬಿಡಿಬಿಡಿಯಾಗಿ ತೋರದೆ ಅವೆಲ್ಲವನ್ನೂ ಮೀರಿದ ಒಂದು ಹೊಸ ರುಚಿಯೇ ಅನುಭವಕ್ಕೆ ಬರುತ್ತದೆಂಬುದು ಅದರ ತಾತ್ಪರ್ಯ. ಓದುಗರೆಲ್ಲ ಬಲ್ಲ ವಸ್ತುವನ್ನೇ ದೃಷ್ಟಾಂತವಾಗಿ ಕೊಡುವುದು ಶಾಸ್ತ್ರಕಾರರ ಪದ್ಧತಿಯಾದ್ದರಿಂದ, ಹದವರಿತು ಬೆರೆಸಿದ ಪಾನಕವು ಅಂದಿನ ವಿದ್ವಾಂಸರ ನಾಲಗೆಗೆ ಪರಿಚಿತವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಕನ್ನಡ ನಾಡಿನಲ್ಲಿ ಈ ಕಲೆಗೆ ಅರಮನೆಯ ಆಶ್ರಯವೂ ದೊರೆಯಿತು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡಿದ್ದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ವಿಶ್ವಕೋಶವು ಅರಸನ ಭೋಗಗಳನ್ನು ವರ್ಣಿಸುವಾಗ ಅನ್ನಭೋಗದಂತೆಯೇ ಪಾನೀಯಭೋಗಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟಿದೆ. ನೀರಿನ ಮೂಲಗಳನ್ನು ವರ್ಗೀಕರಿಸಿ, ಅದನ್ನು ಪಾದರಿ ಮೊದಲಾದ ಹೂಗಳಿಂದ ಪರಿಮಳಗೊಳಿಸುವ ಕ್ರಮವನ್ನು ಹೇಳಿ, ಹುಳಿ ಹಾಕಿ ಒಡೆದ ಹಾಲಿನ ತಿಳಿಗೆ ಸಕ್ಕರೆ, ಏಲಕ್ಕಿ ಬೆರೆಸಿ ಸೋಸಿದ ಪಾನಕದವರೆಗೂ ಅದು ಸಾಗುತ್ತದೆ. ಅದಕ್ಕೂ ಒಂದು ಶತಮಾನ ಮೊದಲೇ ಇಮ್ಮಡಿ ಚಾವುಂಡರಾಯನ ಲೋಕೋಪಕಾರವೆಂಬ ಕನ್ನಡ ಗ್ರಂಥವು ಅಡುಗೆಯ ಶಾಸ್ತ್ರಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿತ್ತು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಂತೂ ಪಾನಕಗಳಿಗೇ ಒಂದು ಅಧ್ಯಾಯವಿದೆ. ಮಂಗರಸನು ಜೈನನೆಂಬುದು ಇಲ್ಲಿ ಗಮನಾರ್ಹ. ಮದ್ಯ, ಮಾಂಸ, ಜೇನು ಈ ಮೂರನ್ನೂ ತೊರೆಯುವುದು ಜೈನ ಶ್ರಾವಕನ, ಅಂದರೆ ಗೃಹಸ್ಥನ ಮೂಲ ಆಚಾರವಾಗಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸುವುದೂ ಸೂರ್ಯಾಸ್ತದ ಮೊದಲೇ ಉಣ್ಣುವುದೂ ಅದರೊಡನೆ ಸೇರಿದ್ದವು. ಜೇನೂ ಕೂಡದ, ಹಳಸಿದ್ದೂ ಕೂಡದ ಇಂಥ ಮನೆಗಳಲ್ಲಿ ಕಬ್ಬಿನ ಬೆಲ್ಲ ಸಕ್ಕರೆಗಳಿಂದ ಆಗಿಂದಾಗ ಮಾಡಿ ಮುಗಿಸುವ ಪಾನಕವು ವಿಶೇಷ ಮನ್ನಣೆ ಪಡೆದದ್ದು ಸಹಜವೇ ಆಗಿದೆ.

ಅರಮನೆ ಮತ್ತು ಮಠಗಳಾಚೆ ಪಾನಕವನ್ನು ಎಲ್ಲರ ಪಾಲಿಗೆ ತಂದದ್ದು ದಾನದ ಪದ್ಧತಿ. ದಾರಿಯ ಬದಿಯಲ್ಲಿ ಪಯಣಿಗರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ಭೂಮಿಯನ್ನೂ ಹಣವನ್ನೂ ಬಿಟ್ಟುಕೊಟ್ಟ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿ ದೊರೆಯುತ್ತವೆ. ಚೈತ್ರ ಮಾಸದ ರಾಮನವಮಿಯಂದು ಬೀದಿಬೀದಿಯಲ್ಲಿ ಚಪ್ಪರ ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಹಂಚುವ ಹಳೆಯ ಮೈಸೂರು ಸೀಮೆಯ ರೂಢಿಯೂ, ಬೆಂಗಳೂರಿನ ಕರಗ ಸಾಗುವ ಹಾದಿಯಲ್ಲಿ ಪೇಟೆಯ ಮನೆಗಳವರು ಭಕ್ತರಿಗೆ ಪಾನಕ ಕೊಡುವುದೂ ಅದೇ ಪರಂಪರೆಯ ಮುಂದುವರಿಕೆಯಾಗಿ ಕಾಣುತ್ತವೆ. ಬೆಲ್ಲ, ಶುಂಠಿ, ಏಲಕ್ಕಿ, ಮೆಣಸಿನ ಮೂಲಪಾಕಕ್ಕೆ ಆಯಾ ಊರಿನಲ್ಲಿ ಸಿಕ್ಕುವ ಹುಳಿಯೋ ಹಣ್ಣೋ ಸೇರುತ್ತದೆ: ಕೆಲವೆಡೆ ನಿಂಬೆ, ಕೆಲವೆಡೆ ಹುಣಸೆ, ಕೆಲವು ಮನೆಗಳಲ್ಲಿ ಕರಬೂಜ, ಇನ್ನು ಕೆಲವೆಡೆ ಗಟ್ಟಿ ಚಿಪ್ಪನ್ನೊಡೆದು ಕಂದು ತಿರುಳನ್ನು ಬೆಲ್ಲದ ನೀರಿನಲ್ಲಿ ಕಿವುಚಿ ಸೋಸಿದ ಬೇಲದ ಹಣ್ಣು. ಕೊಳಗದಲ್ಲಿ ಕದಡಿ ಮಧ್ಯಾಹ್ನದೊಳಗೆ ಹಂಚಿ ಮುಗಿಸುವ ಈ ಕ್ರಮದಲ್ಲಿ ಹುದುಗುವಿಕೆಗೆ ಅವಕಾಶವೇ ಇರಲಿಲ್ಲ.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಪಶ್ಚಿಮ ಕರಾವಳಿಯ ಹಣ್ಣುಗಳ ಪಟ್ಟಿಯೇ ಬದಲಾಯಿತು. ಅಮೆರಿಕ ಖಂಡದಿಂದ ಬಂದ ಅನಾನಸ್, ಗೇರು, ಪಪ್ಪಾಯಿ, ಸೀಬೆಗಳು ಒಂದೆರಡು ಶತಮಾನಗಳಲ್ಲಿ ಇಲ್ಲಿಯವೇ ಆಗಿಬಿಟ್ಟವು. ಆಗ್ರಾದ ತೋಟವೊಂದರಲ್ಲಿ ಅನಾನಸ್ ಸಾವಿರಗಟ್ಟಲೆ ಬೆಳೆಯುತ್ತಿದ್ದುದನ್ನು ಜಹಾಂಗೀರನು 17ನೇ ಶತಮಾನದ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಕರ್ನಾಟಕದಲ್ಲಿ ಬನವಾಸಿ, ಸೊರಬ, ಸಾಗರಗಳ ಸುತ್ತಿನ ತೋಟಗಳು ಇಂದು ಈ ಹಣ್ಣಿಗೆ ಹೆಸರಾಗಿವೆ. ಗೇರುಹಣ್ಣಿನ ಕಥೆ ಇನ್ನೂ ಬೋಧಪ್ರದ. ಗೋವೆಯಲ್ಲಿ ಹಣ್ಣನ್ನು ತುಳಿದಾಗ ಇಳಿಯುವ ಹೊಸ ರಸವನ್ನು ನೀರೊ ಎಂದು ಕರೆದು ಮಕ್ಕಳಾದಿಯಾಗಿ ಎಲ್ಲರೂ ಕುಡಿಯುತ್ತಾರೆ. ಅದೇ ರಸವನ್ನು ಕೆಲವು ದಿನ ಹುದುಗಲು ಬಿಟ್ಟು ಬಟ್ಟಿಯಿಳಿಸಿದರೆ ಮೊದಲು ಉರಾಕ್, ಮತ್ತೆ ಇಳಿಸಿದರೆ ಫೆನ್ನಿ. ಬೆಂಗಳೂರು ಸುತ್ತಿನ ಬೆಂಗಳೂರು ನೀಲಿ ದ್ರಾಕ್ಷಿಯೂ ಹೀಗೆಯೇ ರಸಕ್ಕೂ ವೈನಿಗೂ ಒದಗುತ್ತ ಬಂದಿದೆ. ಅನಾನಸ್ ರಸ ಮತ್ತು ತೆಂಗಿಗೆ ರಮ್ ಬೆರೆಸಿದ ಪಿನ್ಯಾ ಕೊಲಾಡಾ ಪೋರ್ಟೊ ರಿಕೊದಲ್ಲಿ 1950ರ ದಶಕದಲ್ಲಿ ಪ್ರಸಿದ್ಧಿಗೆ ಬಂದು, ಅದರ ರಮ್ಮಿಲ್ಲದ ರೂಪವು ಜಗತ್ತಿನ ಹೋಟೆಲುಗಳಲ್ಲಿ ಹಬ್ಬಿತು. ಬಾಳೆ, ಮಾವುಗಳಿಗೆ ಕಾಯಿಹಾಲು, ಬೆಲ್ಲ ಸೇರಿಸುವ ಕರಾವಳಿಯ ರಸಾಯನಕ್ಕೆ ಅಂಥ ಪೂರ್ವಜನ್ಮವಿಲ್ಲ.

ಕಾಲದ ಗಡುವನ್ನು ಮೀರುವ ಜಾಣ್ಮೆಯಲ್ಲಿ ಪಶ್ಚಿಮಘಟ್ಟದ ಪುನರ್ಪುಳಿಗೆ ಸಮನಾದುದಿಲ್ಲ. ಉತ್ತರ ಕನ್ನಡದಲ್ಲಿ ಮುರುಗಲು, ಕೊಂಕಣದಲ್ಲಿ ಕೋಕಂ ಎನಿಸಿಕೊಳ್ಳುವ, ಗಾರ್ಸೀನಿಯಾ ಇಂಡಿಕಾ ಎಂಬ ಶಾಸ್ತ್ರೀಯ ಹೆಸರಿನ ಈ ಮರವು ಘಟ್ಟದ ಸಹಜ ನಿವಾಸಿ. ಹಣ್ಣು ಮಾಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ, ಮುಂಗಾರಿಗೆ ಸ್ವಲ್ಪವೇ ಮುಂಚೆ. ಮಳೆ ಹಿಡಿಯುವುದರೊಳಗೆ ಸಿಪ್ಪೆಯನ್ನು ಬಿಡಿಸಿ ಬಿಸಿಲಿಗೆ ಹಾಕಿ ಒಣಗಿಸಿಕೊಂಡರೆ ವರ್ಷವಿಡೀ ಬಳಸಬಹುದು. ನೀರಿನಂಶವಿಲ್ಲದೆಡೆ ಯೀಸ್ಟ್ ಬದುಕು ನಡೆಸಲಾರದು, ಮೇಲಾಗಿ ಸಿಪ್ಪೆಯ ತೀಕ್ಷ್ಣ ಹುಳಿಯೂ ಅನೇಕ ಸೂಕ್ಷ್ಮಜೀವಿಗಳಿಗೆ ವೈರಿ. ಇನ್ನೊಂದು ಕ್ರಮದಲ್ಲಿ ಹಸಿ ಸಿಪ್ಪೆಗಳ ನಡುವೆ ಸಕ್ಕರೆಯನ್ನು ಪದರುಪದರಾಗಿ ತುಂಬಿ ಬಿಸಿಲಿನಲ್ಲಿಡುತ್ತಾರೆ. ಸಕ್ಕರೆಯು ರಸವನ್ನು ಹೊರಸೆಳೆದು ತಾನೂ ಕರಗಿ ಗಾಢ ಕೆಂಪಿನ ಪಾಕವಾಗುತ್ತದೆ, ಆ ಸಾಂದ್ರತೆಯಲ್ಲಿ ಹುದುಗುವಿಕೆ ನಡೆಯುವುದಿಲ್ಲ. ಬೇಕಾದಾಗ ನೀರು, ಉಪ್ಪು, ಜೀರಿಗೆ ಬೆರೆಸಿದರೆ ಪಾನಕ ಸಿದ್ಧ. ಬೀಜವೂ ವ್ಯರ್ಥವಾಗದೆ ಮುರುಗಲು ತುಪ್ಪವಾಗುತ್ತದೆ. ಉಪಕರಣವೂ ಇಂಧನವೂ ಬೇಡದ ಈ ವಿಧಾನವನ್ನು ಕರಾವಳಿ ಮಲೆನಾಡುಗಳ ಗೃಹಿಣಿಯರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದು, ಆಹಾರವಿಜ್ಞಾನದ ಚರಿತ್ರೆಯಲ್ಲಿ ಅವರ ಪಾಲು ಇನ್ನೂ ತಕ್ಕಷ್ಟು ದಾಖಲಾಗಿಲ್ಲವೆನ್ನಬೇಕು.

ಯುರೋಪಿನಲ್ಲಿ ಈ ಸಮಸ್ಯೆಗೆ ಪರಿಹಾರ ಬಂದದ್ದು 19ನೇ ಶತಮಾನದಲ್ಲಿ. ಹುದುಗುವಿಕೆಯು ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟ ಮೇಲೆ, ಹದವಾಗಿ ಕಾಯಿಸಿ ಅವನ್ನು ನಾಶಪಡಿಸುವ ಕ್ರಮ ಬಳಕೆಗೆ ಬಂತು. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯ ದಂತವೈದ್ಯ ಥಾಮಸ್ ವೆಲ್ಚ್ ತನ್ನ ಚರ್ಚಿನ ಪವಿತ್ರಭೋಜನದಲ್ಲಿ ವೈನಿನ ಬದಲು ಬಳಸಲೆಂದೇ ದ್ರಾಕ್ಷಿರಸವನ್ನು ಹೀಗೆ ಕಾಯಿಸಿ ಬಾಟಲಿಗೆ ತುಂಬಿದನು. ವ್ರತಕ್ಕಾಗಿ ರಸವನ್ನು ರಸವಾಗಿಯೇ ಉಳಿಸುವ ಹಂಬಲವು ಬುದ್ಧನ ಕಾಲದ ಭಿಕ್ಷುಸಂಘವನ್ನೂ ಈ ಮೆಥಡಿಸ್ಟ್ ಭಕ್ತನನ್ನೂ ಒಂದೆಡೆ ತರುತ್ತದೆ. ಹಡಗಿನ ಮಂಜುಗಡ್ಡೆಯೂ ಅದೇ ಶತಮಾನದಲ್ಲಿ ಭಾರತಕ್ಕೆ ಬಂತು: 1833ರಲ್ಲಿ ಬಾಸ್ಟನ್ನಿನ ಹಡಗೊಂದು ಕೊಳದ ಮಂಜನ್ನು ಕಲ್ಕತ್ತೆಗೆ ತಂದಿಳಿಸಿತು, 1842ರಲ್ಲಿ ಮದರಾಸಿನ ಕಡಲತೀರದಲ್ಲಿ ಐಸ್ ಹೌಸ್ ಎದ್ದಿತು. ಅದುವರೆಗೆ ಮಣ್ಣಿನ ಹೂಜಿಯೂ ಲಾವಂಚದ ಬೇರೂ ಪಾನೀಯವನ್ನು ತಂಪಾಗಿಸುವ ಕೆಲಸ ಮಾಡುತ್ತಿದ್ದವು.

ಮೈಸೂರು ಸೀಮೆಯಲ್ಲಿ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾದ ಬಳಿಕ ಬಿಳಿ ಸಕ್ಕರೆ ಸುಲಭವಾಗಿ ಕೈಗೆಟುಕಿ, ಬೆಲ್ಲದ ಕಂದು ಬಣ್ಣದಲ್ಲಿ ಮುಚ್ಚಿಹೋಗುತ್ತಿದ್ದ ಹಣ್ಣಿನ ಬಣ್ಣ ಲೋಟದಲ್ಲಿ ಕಾಣತೊಡಗಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ನೆಲೆಗೊಂಡದ್ದು ಹಣ್ಣಿನ ಸಂಸ್ಕರಣೆಯ ಅಧ್ಯಯನಕ್ಕೆ ಬಲ ತಂದಿತು. 1955ರ ಹಣ್ಣಿನ ಉತ್ಪನ್ನಗಳ ಆದೇಶವು ನೀರು ಬೆರೆಸಿ ಕುಡಿಯುವ ಸ್ಕ್ವಾಷಿನಲ್ಲಿ ಕನಿಷ್ಠ ಶೇಕಡಾ 25ರಷ್ಟು ಹಣ್ಣಿನ ರಸವಿರಬೇಕೆಂದು ವಿಧಿಸಿತು. ಅಂಗಡಿಯ ಬಾಟಲಿಗಳಲ್ಲಿ ಸಂರಕ್ಷಕ ರಾಸಾಯನಿಕಗಳು ಬಂದದ್ದೂ ಹಳೆಯ ಗಡುವನ್ನು ಮುಂದೂಡಲಿಕ್ಕೇ. ಗಂಧಕದ ಡೈಆಕ್ಸೈಡ್ ಪುನರ್ಪುಳಿಯಂಥ ಕೆಂಪು ರಸಗಳ ಬಣ್ಣವನ್ನು ಮಾಸಿಸುವುದರಿಂದ ಅಲ್ಲಿ ಸೋಡಿಯಂ ಬೆಂಜೊಯೇಟನ್ನು ಆರಿಸಿಕೊಳ್ಳುತ್ತಾರೆ.

ಮನೆಯಲ್ಲಿ ಆಗಿಂದಾಗ ಮಾಡಿ ಕುಡಿಯುವವರಿಗೆ ಇವಾವುವೂ ಬೇಕಿಲ್ಲ. ಮಾಗಿದ ಅನಾನಸಿನ ಹೋಳುಗಳನ್ನೂ ಮಾವಿನ ತಿರುಳನ್ನೂ ರುಬ್ಬಿ ಸೋಸಿ, ನಿಂಬೆರಸ, ಶುಂಠಿಯ ರಸ, ಸ್ವಲ್ಪ ಬೆಲ್ಲ, ಚಿಟಿಕೆ ಉಪ್ಪು ಸೇರಿಸಿ ತಣ್ಣೀರಿನಿಂದ ತೆಳುಮಾಡಿದರೆ ಇಡೀ ಮನೆಗೆ ಸಾಲುವ ಪಾನೀಯವಾಗುತ್ತದೆ; ನೆನೆಸಿದ ಕಾಮಕಸ್ತೂರಿ ಬೀಜ ಹಾಕಿದರೆ ಇನ್ನೂ ಸೊಗಸು. ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವವು ಹಾಲಿನ ಪ್ರೋಟೀನನ್ನು ಒಡೆದು ಕಹಿ ಬರಿಸುವುದರಿಂದ ಹಸಿ ರಸವನ್ನು ಹಾಲು ಮೊಸರುಗಳೊಡನೆ ಬೆರೆಸಿಡಬಾರದು, ಕುದಿಸಿದರೆ ಆ ದೋಷ ನೀಗುತ್ತದೆ. ವಿದೇಶಿ ಸಿರಪ್ಪುಗಳಿಗೆ ಬೆಲೆ ತೆರುವ ಮದುವೆಮನೆಗಳೂ ಹೋಟೆಲುಗಳೂ ತಮ್ಮ ಪಟ್ಟಿಯಲ್ಲಿ ಬೇಲ, ಪುನರ್ಪುಳಿ, ಕರಬೂಜಗಳ ಪಾನಕಕ್ಕೆ ಅವುಗಳ ಸ್ವಂತ ಹೆಸರಿನಲ್ಲಿಯೇ ಜಾಗ ಕೊಡಬೇಕು. ಕೇಳುವವರಿದ್ದರೆ ಮಾತ್ರ ಬೆಳೆಗಾರರು ಬೇಲದ ಗಿಡವನ್ನೂ ಮುರುಗಲಿನ ಗಿಡವನ್ನೂ ನೆಟ್ಟಾರು.